ದಾರಿ ತೋರಿದವರಿಗೆ ಶರಣು

ವಿದ್ಯೆಯನ್ನು ಬೆಲೆ ಕೊಟ್ಟು ಕೊಳ್ಳಬಾರದು, ಬೆಲೆ ಕಟ್ಟಿ ಮಾರಲೂಬಾರದು ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. ಶ್ರೀಮಠದ ಪಾಠಶಾಲೆಯಲ್ಲಿ ನಮಗೆ ಅನ್ನವೂ ದಾಸೋಹ, ಅಕ್ಷರವೂ ದಾಸೋಹ. ಮಠಕ್ಕೆ ಪರಸ್ಥಳದ ಭಕ್ತರು ಬಂದಾಗ ಕರ್ತೃಗದ್ದುಗೆಯ ಇತಿಹಾಸವನ್ನೂ ಓಲೆಗರಿಯ ಕಟ್ಟುಗಳ ಮಹತ್ತ್ವವನ್ನೂ ವಿವರಿಸಿ ಹೇಳುವ ಕೆಲಸವನ್ನು ಹಿರಿಯ ವಿದ್ಯಾರ್ಥಿಗಳಾದ ನಾವೇ ಮಾಡುತ್ತಿದ್ದೆವು. ಯಾರಾದರೂ ಕೈಯಲ್ಲಿ ಹಣವಿಡಲು ಬಂದರೆ ಅದನ್ನು ದಾಸೋಹದ ಹುಂಡಿಗೆ ಹಾಕಿಸುತ್ತಿದ್ದೆವೇ ಹೊರತು ಮುಟ್ಟುತ್ತಿರಲಿಲ್ಲ. ಆದ್ದರಿಂದ ಕಳೆದ ದಸರಾ ರಜೆಯಲ್ಲಿ ಕುಟುಂಬಸಮೇತ ಹೈದರಾಬಾದಿಗೆ ಹೊರಟಾಗ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ತೋರಿಸಲು ಒಬ್ಬ ಖಾಸಗಿ ಮಾರ್ಗದರ್ಶಿಯನ್ನು ಮಗನು ಎರಡು ಸಾವಿರ ರೂಪಾಯಿಗೆ ಗೊತ್ತುಮಾಡಿದ್ದಾನೆಂದು ಕೇಳಿ ನನಗೆ ಸಿಟ್ಟು ಬಂದಿತು.

"ಅಷ್ಟು ರೊಕ್ಕ ಕೊಟ್ಟು ಕೇಳುವಂಥಾದ್ದು ಏನದ? ಗೋಡೆಯ ಮೇಲೆ ಬರೆದಿರತಾರ, ಓದಿದರ ಸಾಕು" ಎಂದೆ.

ಮಗನು ಶಾಂತವಾಗಿಯೇ ಉತ್ತರಿಸಿದ: "ಅಪ್ಪಾ, ನಿಮಗ ಎಲ್ಲಾ ತಿಳಿದದ, ಖರೆ. ಆದರ ಅಲ್ಲಿ ಮೂವತ್ತೆಂಟು ಕೋಣಿ ಅವ. ಅವ್ವನ ಮೊಣಕಾಲು ನೋಡ್ರಿ. ಹುಡುಗಿಯ ತಾಳ್ಮಿ ನೋಡ್ರಿ. ಯಾವುದು ನೋಡಬೇಕು, ಯಾವುದು ಬಿಡಬೇಕು ಅನ್ನೋದನ್ನ ಹೇಳೋರು ಒಬ್ಬರು ಬೇಕಲ್ಲ?"

ನನ್ನ ಅಸಮಾಧಾನಕ್ಕೆ ಇನ್ನೊಂದು ಕಾರಣವೂ ಇತ್ತು. ಹತ್ತು ಹನ್ನೆರಡು ವರ್ಷಗಳ ಹಿಂದೆ ಉತ್ತರದೇಶದ ಯಾತ್ರೆಯಲ್ಲಿ ಒಂದು ಕೋಟೆಯ ಹೆಬ್ಬಾಗಿಲಲ್ಲಿಯೇ ನಮ್ಮನ್ನು ಹಿಡಿದುಕೊಂಡ ಒಬ್ಬ ಮನುಷ್ಯ, ಕೋಟೆಯನ್ನು ಹದಿನೈದು ನಿಮಿಷದಲ್ಲಿ ಮುಗಿಸಿ, ಸೀರೆಯ ಅಂಗಡಿ, ಅಮೃತಶಿಲೆಯ ಅಂಗಡಿ ಎಂದು ಎರಡು ತಾಸು ಸುತ್ತಾಡಿಸಿದ್ದ. ನಾವು ಕೊಂಡ ಪ್ರತಿಯೊಂದು ವಸ್ತುವಿನಲ್ಲಿಯೂ ಅವನಿಗೆ ಪಾಲಿತ್ತೆಂಬುದು ಊರಿಗೆ ಮರಳಿದ ಮೇಲೆ ತಿಳಿಯಿತು. ಅಂದಿನಿಂದ ಮಾರ್ಗದರ್ಶಿ ಎಂಬ ಪದವನ್ನು ಕೇಳಿದರೇ ನನಗೆ ಆ ಅಂಗಡಿಗಳು ನೆನಪಾಗುತ್ತಿದ್ದವು.

ಆದರೆ ಹೈದರಾಬಾದು ನಮಗೆ ಕೇವಲ ನೋಡುವ ಊರಲ್ಲ. ಬೀದರದಿಂದ ಸುಮಾರು 140 ಕಿ.ಮೀ. ದೂರದ ಆ ನಗರ ನಮ್ಮ ತಂದೆಯವರ ಕಾಲಕ್ಕೆ ರಾಜಧಾನಿಯಾಗಿತ್ತು. ಅವರು ಮನೆಯಲ್ಲಿ ಕನ್ನಡ ಮಾತನಾಡಿ, ಶಾಲೆಯಲ್ಲಿ ಉರ್ದು ಕಲಿತವರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರಲ್ಲಿ ಬೀದರ, ಗುಲಬರ್ಗಾ, ರಾಯಚೂರು ಸೀಮೆಗಳು ಕನ್ನಡ ರಾಜ್ಯಕ್ಕೆ ಬಂದವು. ಹೀಗಾಗಿ ಆ ನಗರದ ಅರಮನೆ, ದೇವಡಿಗಳ ಕಥೆಯಲ್ಲಿ ನಮ್ಮ ಹಿರಿಯರ ಬೆವರಿನ ಕಥೆಯೂ ಸೇರಿದೆ ಎಂಬ ಭಾವನೆ ನನ್ನಲ್ಲಿದೆ. ಮೊಮ್ಮಗಳಿಗೆ ಇದನ್ನೆಲ್ಲ ನಾನೇ ಹೇಳಬೇಕೆಂದಿದ್ದೆ. ನಡುವೆ ಈ ಬಾಡಿಗೆಯ ಗುರು ಯಾತಕ್ಕೆ?

ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಆದ್ದರಿಂದ ಶುಕ್ರವಾರ ಪ್ರಯಾಣ ಮಾಡಿ, ಶನಿವಾರ ಬೆಳಿಗ್ಗೆ ಇಷ್ಟಲಿಂಗಪೂಜೆ, ಪ್ರಸಾದಗಳನ್ನು ಮುಗಿಸಿಕೊಂಡು ಮೂಸಿ ನದಿಯ ದಂಡೆಯ ಮೇಲಿರುವ ಆ ಭವ್ಯ ಕಟ್ಟಡದ ಮುಂದೆ ಇಳಿದೆವು. ನಲವತ್ತರ ಆಸುಪಾಸಿನ, ತೆಳ್ಳನೆಯ ಮೈಕಟ್ಟಿನ ಒಬ್ಬ ಗೃಹಸ್ಥರು ಕೊರಳಲ್ಲಿ ಪರವಾನಗಿಯ ಚೀಟಿಯನ್ನು ಧರಿಸಿ ನಮಗಾಗಿ ಕಾಯುತ್ತಿದ್ದರು. ನನ್ನ ಹಣೆಯ ವಿಭೂತಿಯನ್ನು ಕಂಡು "ಪಂಡಿತ್‌ಜೀ, ಬನ್ನಿ" ಎಂದು ಕೈಮುಗಿದರು. ಅವರ ಮಾತು ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗುವ ದಖ್ಖನಿ ಹಿಂದಿ.

ಅವರು ಮೊದಲು ಮಾಡಿದ್ದು ಮಾತಲ್ಲ, ಪ್ರಶ್ನೆ. ಹಿರಿಯರಿಗೆ ಎಷ್ಟು ಹೊತ್ತು ನಡೆಯಲು ಸಾಧ್ಯ, ಮಗುವಿಗೆ ಯಾವುದರಲ್ಲಿ ಆಸಕ್ತಿ, ಮಧ್ಯಾಹ್ನದ ಊಟದ ವೇಳೆ ಯಾವುದು ಎಂದು ಕೇಳಿಕೊಂಡರು. ಬಳಿಕ ಹೇಳಿದರು: "ಇಲ್ಲಿ 40,000ಕ್ಕೂ ಮೀರಿದ ಕಲಾವಸ್ತುಗಳ ಸಂಗ್ರಹವಿದೆ. ಎಲ್ಲವನ್ನೂ ನೋಡಬೇಕೆಂದು ಹೊರಟವರು ಏನನ್ನೂ ನೋಡದೆ ಹೊರಗೆ ಬರುತ್ತಾರೆ. ನಾವು ಎಂಟು ವಸ್ತುಗಳನ್ನು ಮಾತ್ರ ನೋಡೋಣ." ನಮ್ಮ ಮನೆಯವರ ಮುಖದಲ್ಲಿ ನೆಮ್ಮದಿ ಕಂಡಿತು. ನನಗೆ ಮಾತ್ರ, ಎಂಟು ವಸ್ತುಗಳಿಗೆ ಎರಡು ಸಾವಿರವೇ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು.

ಮೂವರು ಸಾಲಾರ್ ಜಂಗರ ವಿಷಯವನ್ನು ಅವರು ಮಗುವಿಗೆ ಹೇಳಿದ ರೀತಿ ಸೊಗಸಾಗಿತ್ತು. "ನಿನ್ನ ಅಜ್ಜ, ನಿನ್ನ ಅಪ್ಪ, ನೀನು. ಮೂವರಿಗೂ ಒಂದೇ ಬಿರುದು ಎಂದುಕೋ" ಎಂದರು. ಮೊದಲನೆಯವರು 1853ರಿಂದ 1883ರವರೆಗೆ ಹೈದರಾಬಾದಿನ ದಿವಾನರಾಗಿದ್ದ ಮೀರ್ ತುರಾಬ್ ಅಲಿ ಖಾನ್. ಎರಡನೆಯವರು ಅವರ ಮಗ ಮೀರ್ ಲಾಯಿಕ್ ಅಲಿ ಖಾನ್. ಮೂರನೆಯವರು ಮೊಮ್ಮಗ ಮೀರ್ ಯೂಸುಫ್ ಅಲಿ ಖಾನ್. ಈ ಮೂರನೆಯವರು ಪ್ರಧಾನಿಯ ಪದವಿಯನ್ನು ಅಲ್ಪಕಾಲದಲ್ಲಿಯೇ ಬಿಟ್ಟು, ಮದುವೆಯನ್ನೂ ಆಗದೆ, ಜೀವಮಾನವನ್ನೆಲ್ಲ ಕಲಾವಸ್ತುಗಳ ಸಂಗ್ರಹಕ್ಕೆ ಮುಡಿಪಾಗಿಟ್ಟರು. ಅವರು 1949ರಲ್ಲಿ ಕಾಲವಾದರು. 1951ರ ಡಿಸೆಂಬರ್ 16ರಂದು ಅವರ ಮನೆತನದ ನಿವಾಸವಾದ ದಿವಾನ್ ದೇವಡಿಯಲ್ಲಿ ಪಂಡಿತ ಜವಾಹರಲಾಲ್ ನೆಹರೂ ಅವರು ಸಂಗ್ರಹಾಲಯವನ್ನು ಉದ್ಘಾಟಿಸಿದರು. 1961ರಲ್ಲಿ ಸಂಸತ್ತಿನ ಶಾಸನದಿಂದ ಅದು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯಾಯಿತು. 1968ರಲ್ಲಿ ಈಗಿನ ಕಟ್ಟಡಕ್ಕೆ ಬಂದಿತು. "ತನ್ನದೆಂದು ಕೂಡಿಟ್ಟದ್ದು ಕೊನೆಗೆ ಎಲ್ಲರದಾಯಿತು" ಎಂದು ಅವರು ಒಂದೇ ವಾಕ್ಯದಲ್ಲಿ ಮುಗಿಸಿದಾಗ, ಈ ಮನುಷ್ಯ ಅಂಗಡಿಯ ದಾರಿ ತೋರಿಸುವವನಲ್ಲವೆಂದು ನನಗೆ ಅನ್ನಿಸಿತು. ಆದರೂ ಬಾಯಿ ಬಿಟ್ಟು ಹೇಳಲಿಲ್ಲ.

'ಮುಸುಕಿನ ರೆಬೆಕ್ಕಾ' ಎಂಬ ಅಮೃತಶಿಲೆಯ ಪ್ರತಿಮೆಯ ಮುಂದೆ ಅವರು ಏನನ್ನೂ ವಿವರಿಸದೆ ಮೊಮ್ಮಗಳನ್ನು ಕೇಳಿದರು: "ಈ ತಾಯಿಯ ಮುಖದ ಮೇಲಿರುವ ಬಟ್ಟೆ ಯಾವ ಬಣ್ಣದ್ದು?" ಅವಳು ಬಹಳ ಹೊತ್ತು ನೋಡಿ "ಬಟ್ಟೀನೇ ಇಲ್ಲ, ಅದೂ ಕಲ್ಲೇ!" ಎಂದು ಕೂಗಿದಳು. ಇಟಲಿಯ ಶಿಲ್ಪಿ ಜಿಯೊವಾನಿ ಮರಿಯಾ ಬೆಂಜೋನಿಯ ಕೃತಿಯದು. ಅದನ್ನು ಕೊಂಡು ತಂದವರು ಮೊದಲನೆಯ ಸಾಲಾರ್ ಜಂಗರು, 1876ರಲ್ಲಿ. ಒಂದೇ ಕಲ್ಲಿನಲ್ಲಿ ಮುಖವೂ ಇದೆ, ಮುಖವನ್ನು ಮುಚ್ಚಿದ ತೆಳುವಾದ ಮುಸುಕೂ ಇದೆ. ಬೈಬಲ್ಲಿನ ಕಥೆಯಲ್ಲಿ ರೆಬೆಕ್ಕಳು ತನ್ನನ್ನು ವರಿಸಲಿರುವವನನ್ನು ದೂರದಿಂದ ಕಂಡೊಡನೆ ನಾಚಿ ಮುಸುಕು ಹಾಕಿಕೊಂಡಳೆಂದು ಅವರು ಹೇಳಿದಾಗ, ನಮ್ಮ ಮನೆಯವರು ತಮ್ಮ ಸೆರಗನ್ನು ಸರಿಪಡಿಸಿಕೊಳ್ಳುತ್ತ "ನಮ್ಮಂಗನ ಆಕೀನೂ" ಎಂದರು. ಗೋಡೆಯ ಬರಹದಿಂದ ಈ ಮಾತು ಹೊರಡುತ್ತಿರಲಿಲ್ಲ.

ಇನ್ನೊಂದು ಕೋಣೆಯಲ್ಲಿ ಒಂದೇ ಮರದಲ್ಲಿ ಕೆತ್ತಿದ ಇಬ್ಬದಿಯ ಪ್ರತಿಮೆ. ಮುಂದೆ ನಿಂತರೆ ಸೆಟೆದು ನಿಂತ ಮೆಫಿಸ್ಟಾಫಿಲಿಸ್ ಎಂಬ ಪಿಶಾಚಿ. ಹಿಂದಿನ ಕನ್ನಡಿಯಲ್ಲಿ ನೋಡಿದರೆ ತಲೆ ತಗ್ಗಿಸಿದ ಮಾರ್ಗರೆಟಾ ಎಂಬ ಮುಗ್ಧ ಕನ್ಯೆ. ಜರ್ಮನ್ ಮಹಾಕವಿ ಗಯಟೆಯ 'ಫೌಸ್ಟ್' ನಾಟಕದ ಪಾತ್ರಗಳವು. ಸೊಕ್ಕೂ ವಿನಯವೂ ಒಂದೇ ದಿಮ್ಮಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ಆಗ ಅದನ್ನು ಬೇರೆಯವರ ಕಥೆಯೆಂದು ನೋಡಿ ಮುಂದೆ ನಡೆದೆ.

ಹನ್ನೆರಡು ಗಂಟೆಗೆ ಹತ್ತು ನಿಮಿಷವಿರುವಾಗ ಅವರು ನಮ್ಮನ್ನು ಸಂಗೀತದ ಗಡಿಯಾರದ ಮುಂದೆ ಕರೆತಂದು, ನಮ್ಮ ಮನೆಯವರಿಗೆ ಕುಳಿತುಕೊಳ್ಳಲು ಒಳ್ಳೆಯ ಜಾಗವನ್ನು ಹುಡುಕಿಕೊಟ್ಟರು. ಕಲಕತ್ತೆಯ ಕುಕ್ ಅಂಡ್ ಕೆಲ್ವಿ ಎಂಬ ವ್ಯಾಪಾರಿಗಳಿಂದ ಕೊಂಡ ಗಡಿಯಾರವದು. ಅದರೊಳಗೆ ಒಬ್ಬ ಕಮ್ಮಾರ ಕ್ಷಣಕ್ಷಣಕ್ಕೂ ಸುತ್ತಿಗೆ ಬಡಿಯುತ್ತಿರುತ್ತಾನೆ. ಗಂಟೆಯಾದೊಡನೆ ಗಡ್ಡದ ಪುಟ್ಟ ಗೊಂಬೆಯೊಂದು ಬಾಗಿಲು ತೆರೆದು ಬಂದು, ಎಷ್ಟು ಗಂಟೆಯೋ ಅಷ್ಟು ಸಲ ಜಾಗಟೆಯನ್ನು ಬಾರಿಸಿ ಒಳಗೆ ಹೋಗುತ್ತದೆ. ಹತ್ತಕ್ಕೆ ಬಂದವರಿಗೆ ಹತ್ತು ಪೆಟ್ಟು, ಒಂದಕ್ಕೆ ಬಂದವರಿಗೆ ಒಂದೇ ಪೆಟ್ಟು. ಹನ್ನೆರಡಕ್ಕೆ ಬಂದರೆ ಮಕ್ಕಳಿಗೆ ಹನ್ನೆರಡು. ಬೆಳಿಗ್ಗೆಯಿಂದ ನಾವು ನಡೆದ ದಾರಿಯೆಲ್ಲ ಈ ವೇಳೆಗೆ ಇಲ್ಲಿ ಬಂದು ಸೇರುವಂತೆ ಅವರು ಯೋಜಿಸಿದ್ದರೆಂಬುದು ಆಗ ತಿಳಿಯಿತು.

ಕೊನೆಯದು ಬಿದರಿ ಕಲೆಯ ವಿಭಾಗ. ಇಲ್ಲಿ ನನ್ನ ಎದೆ ಉಬ್ಬಿತು. ಹುಕ್ಕಾದ ತಳಗಳು, ಪಾನ್‌ದಾನ್‌ಗಳು, ಹೂಜಿಗಳು. ಕಪ್ಪು ಮೈಯಲ್ಲಿ ಬೆಳ್ಳಿಯ ಬಳ್ಳಿ. ನಮ್ಮ ಬೀದರದ ಹೆಸರನ್ನೇ ಹೊತ್ತ ಕಲೆ. ಮಾರ್ಗದರ್ಶಿಗಳು ಆರಂಭಿಸಿದರು: "ಇದು ಸತುವಿನ ಪಾತ್ರೆ. ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿ..."

ನಾನು ನಡುವೆಯೇ ತಡೆದೆ. "ಸತುವಲ್ಲ, ಕಬ್ಬಿಣ. ನಾನು ಬೀದರ ಸೀಮೆಯವನು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬಿದರಿಯ ಡಬ್ಬಿಯಿದೆ. ನಮ್ಮ ಊರಿನ ವಸ್ತುವನ್ನು ನಮಗೇ ತಪ್ಪಾಗಿ ಹೇಳಿ ಹಣ ತೆಗೆದುಕೊಳ್ಳುವುದು ಸರಿಯಲ್ಲ" ಎಂದೆ. ಮಾತು ಗಟ್ಟಿಯಾಗಿಯೇ ಬಂದಿತು. ಪಕ್ಕದಲ್ಲಿದ್ದ ಅಪರಿಚಿತರು ಹೊರಳಿ ನೋಡಿದರು. ಸೊಸೆ ತಲೆ ತಗ್ಗಿಸಿದಳು. ಮಗನ ಮುಖ ಕೆಂಪಾಯಿತು.

ಆ ಗೃಹಸ್ಥರು ಒಂದು ಕ್ಷಣ ಸುಮ್ಮನಿದ್ದರು. ಅನಂತರ ಕೈಜೋಡಿಸಿ "ತಾವು ಹಿರಿಯರು" ಎಂದಷ್ಟೇ ಹೇಳಿ ಮೊಮ್ಮಗಳ ಕಡೆಗೆ ಬಾಗಿದರು. "ಮಗೂ, ಮನೆಗೆ ಹೋದ ಮೇಲೆ ಆ ಡಬ್ಬಿಗೆ ಒಂದು ಅಯಸ್ಕಾಂತವನ್ನು ಹಿಡಿದು ನೋಡು. ಏನಾಯಿತೆಂದು ಅಜ್ಜನಿಗೆ ಹೇಳು." ಮತ್ತೆ ಆ ವಿಷಯವನ್ನು ಎತ್ತದೆ, ಬೆಳ್ಳಿಯ ಎಳೆಗಳನ್ನು ಕೂರಿಸುವ ಬಗೆಯನ್ನು ವಿವರಿಸಿ, ಹೊರಬಾಗಿಲವರೆಗೂ ನಮ್ಮ ಮನೆಯವರ ಕೈಚೀಲವನ್ನು ತಾವೇ ಹಿಡಿದುಕೊಂಡು ಬಂದು ಬೀಳ್ಕೊಟ್ಟರು. ಮಗನು ಹಣ ಕೊಡುವಾಗ ನಾನು ಬೇರೆ ಕಡೆ ನೋಡುತ್ತ ನಿಂತಿದ್ದೆ.

ಮಕ್ಕಳು ಮರೆಯುವುದಿಲ್ಲ. ಊರಿಗೆ ಬಂದ ಸಂಜೆಯೇ ಮೊಮ್ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಗೊಂಬೆಯನ್ನು ಕಿತ್ತು ತಂದು ದೇವರ ಜಗುಲಿಯ ಪಕ್ಕದಲ್ಲಿದ್ದ ಬಿದರಿಯ ಡಬ್ಬಿಗೆ ಹಿಡಿದಳು. ಅಂಟಲಿಲ್ಲ. ಮುಚ್ಚಳಕ್ಕೆ ಹಿಡಿದಳು, ತಳಕ್ಕೆ ಹಿಡಿದಳು; ಗೊಂಬೆ ಜಾರಿ ಬಿದ್ದಿತು. ಅವಳು ನಗಲಿಲ್ಲ. ಸುಮ್ಮನೆ ನನ್ನ ಮುಖವನ್ನು ನೋಡಿದಳು.

ವಾಚಕರಲ್ಲಿ ಮುಚ್ಚುಮರೆ ಮಾಡಲಾರೆ. ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದ ಮಾತು, "ಆ ಗೊಂಬಿಗೆ ಶಕ್ತಿ ಇಲ್ಲ, ಬಿಡವ್ವಾ" ಎಂಬುದಾಗಿತ್ತು. ಅವಳು ಎದ್ದು ಅಡುಗೆಮನೆಗೆ ಹೋದಳು. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚಿಗೆ ಗೊಂಬೆ ಟಕ್ಕನೆ ಅಂಟಿದ ಸದ್ದು ನಾನು ಕುಳಿತಲ್ಲಿಗೇ ಕೇಳಿಸಿತು. "ಅಜ್ಜಾ, ಶಕ್ತಿ ಅದ" ಎಂದಳು.

ಆ ರಾತ್ರಿ ನಿದ್ರೆ ಬರಲಿಲ್ಲ. ಲೋಹದ ವಿಷಯದಲ್ಲಿ ತಪ್ಪಿದ್ದು ದೊಡ್ಡ ಅಪರಾಧವಲ್ಲ. ಕಪ್ಪಗಿದ್ದುದನ್ನು ಹಿರಿಯರು ಕಬ್ಬಿಣವೆಂದರು, ನಾನೂ ಅಂದೆ. ಆದರೆ ಕೂಲಿಗೆ ದುಡಿಯುವವನಿಗೆ ತಿಳಿವಳಿಕೆ ಎಲ್ಲಿಂದ ಬಂದೀತು ಎಂಬ ಭಾವನೆಯಿಂದ ನಾಲ್ಕು ಜನರೆದುರು ಅವರನ್ನು ತಿದ್ದಲು ಹೋದೆನಲ್ಲ, ಅದು ಅಪರಾಧ. ಅದಕ್ಕಿಂತ ದೊಡ್ಡದು, ತಪ್ಪು ತಿಳಿದ ಮೇಲೂ ಒಂದು ಎಳೆಯ ಜೀವದೆದುರು ನೆಪ ಹೇಳಿದ್ದು. ಕಾಯಕವನ್ನು ಕುರಿತು ನಲವತ್ತು ವರ್ಷ ಪ್ರವಚನ ಮಾಡಿದವನು ನಾನು. ಚಪ್ಪಲಿ ಹೊಲಿಯುವವರ, ದೋಣಿ ನಡೆಸುವವರ, ಬಟ್ಟೆ ಮಡಿ ಮಾಡುವವರ ಕಾಯಕಗಳಿಗೆ ಅನುಭವ ಮಂಟಪದಲ್ಲಿ ಸಮಾನ ಗೌರವವಿತ್ತೆಂದು ಊರೂರಲ್ಲಿ ಹೇಳಿದವನು. ದಾರಿ ತೋರಿಸಿ ಹೊಟ್ಟೆ ಹೊರೆಯುವವನ ದುಡಿಮೆಯನ್ನು ಕಾಯಕವೆಂದು ಕಾಣಲು ನನಗೆ ಕಣ್ಣಿರಲಿಲ್ಲ. ದಾಸೋಹವನ್ನು ನಡೆಸಲು ಮಠಕ್ಕೆ ಹೊಲವಿತ್ತು, ಭಕ್ತರಿದ್ದರು. ಆ ಗೃಹಸ್ಥನಿಗೆ ಇದ್ದದ್ದು ಅವನ ಓದು, ಅವನ ನಾಲಗೆ, ಅವನ ಕಾಲು.

ಮರುವಾರ ಮೊಮ್ಮಗಳನ್ನು ಕರೆದುಕೊಂಡು ಬೀದರದಲ್ಲಿ ಬಿದರಿ ಕೆಲಸ ಮಾಡುವ ಒಂದು ಮನೆಗೆ ಹೋದೆ. ಮರಳಿನ ಅಚ್ಚಿನಲ್ಲಿ ಸತು-ತಾಮ್ರಗಳ ಎರಕ ಹೊಯ್ಯುವುದು, ಅರದಿಂದ ನಯಮಾಡುವುದು, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ ಅದರ ಮೇಲೆ ಚಿತ್ತಾರ ಕೊರೆಯುವುದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದು, ಎಲ್ಲವನ್ನೂ ಇಬ್ಬರೂ ಕುಳಿತು ನೋಡಿದೆವು. ಉಜ್ಜಿದ ಮೇಲೆ ಪಾತ್ರೆಯೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ. ಚಿತ್ತಾರ ಕಣ್ಣಿಗೇ ಕಾಣದು. ಆಮೇಲೆ ಹಳೆಯ ಕೋಟೆಯ ಮಣ್ಣಿಗೆ ನವಸಾಗರವನ್ನು ಬೆರೆಸಿ ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಸತುವಿನ ಮೈ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಲೆಯ ಗುಟ್ಟನ್ನು, ನೆರೆಯಲ್ಲಿಯೇ ಬಾಳಿದ ನಾನು ಅರವತ್ತು ದಾಟಿದ ಮೇಲೆ ಅರಿತೆ.

ಅಲ್ಲಿಂದ ಬಂದವನೇ ಮಗನಿಂದ ಸಂಖ್ಯೆ ಪಡೆದು ಹೈದರಾಬಾದಿಗೆ ದೂರವಾಣಿ ಮಾಡಿದೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ, "ತಪ್ಪು ನನ್ನದು, ಕ್ಷಮಿಸಬೇಕು" ಎಂದೆ. ಆ ಕಡೆಯಿಂದ ಸಣ್ಣ ನಗು. "ಪಂಡಿತ್‌ಜೀ, ಈ ಕೆಲಸಕ್ಕೆ ಬಂದ ಮೊದಲ ವರ್ಷ ನಾನೂ ಕಬ್ಬಿಣವೆಂದೇ ಹೇಳುತ್ತಿದ್ದೆ. ಬಿದರಿ ಕೆಲಸದ ಒಬ್ಬ ಮುದುಕರು ನನ್ನ ಕೈಯಲ್ಲಿ ಅಯಸ್ಕಾಂತ ಕೊಟ್ಟು ತಿದ್ದಿದರು" ಎಂದರು. ಸ್ವಲ್ಪ ತಡೆದು ಕೇಳಿದರು: "ನಿಮ್ಮ ಕಡೆಯ ಯಾತ್ರಿಕರು ಕಲ್ಯಾಣದ ಬಸವಣ್ಣನವರ ಮಾತು ತೆಗೆಯುತ್ತಾರೆ. ನನಗೆ ಹೆಚ್ಚು ತಿಳಿಯದು. ಹೇಳಿಕೊಡುವಿರಾ?" ಅಂದು ಮುಕ್ಕಾಲು ತಾಸು ಮಾತನಾಡಿದೆವು. ನಾನು ಹೇಳಿದೆ, ಅವರು ಬರೆದುಕೊಂಡರು. ಅದಕ್ಕೆ ನಾನು ಶುಲ್ಕವನ್ನು ಕೇಳಲಿಲ್ಲವೆಂದು ಹೆಮ್ಮೆಪಡಲು ಹೊರಟ ಮನಸ್ಸನ್ನು ನಾನೇ ತಡೆದುಕೊಂಡೆ.

ಪ್ರವಾಸಕ್ಕೆ ಹೊರಡುವ ನಮ್ಮ ಸಮಾಜದ ಕುಟುಂಬಗಳಿಗೆ ಅನುಭವದಿಂದ ನಾಲ್ಕು ಮಾತು. ಬಾಗಿಲಲ್ಲಿ ಎದುರಾದವರನ್ನು ಹಿಡಿಯದೆ, ಪ್ರವಾಸೋದ್ಯಮ ಇಲಾಖೆಯ ಪರವಾನಗಿಯುಳ್ಳವರನ್ನು ಮೊದಲೇ ಗೊತ್ತುಮಾಡಿರಿ. ಭಾಷೆ, ಅವಧಿ, ಹಣ ಮೂರನ್ನೂ ಮುಂಚೆಯೇ ಮಾತನಾಡಿಕೊಳ್ಳಿರಿ; ಅಂಗಡಿಗೆ ಕರೆದೊಯ್ಯಬಾರದೆಂದೂ ಸ್ಪಷ್ಟಪಡಿಸಿರಿ. ಕೆಲವು ಸಂಗ್ರಹಾಲಯಗಳಲ್ಲಿ ಹೊರಗಿನವರು ಒಳಗೆ ವಿವರಣೆ ಕೊಡಲು ಅವಕಾಶವಿರುವುದಿಲ್ಲ, ವಿಚಾರಿಸಿ ಹೋಗಿರಿ. ವಾರದ ರಜೆ ಎಲ್ಲೆಡೆ ಒಂದೇ ಅಲ್ಲ. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಸೋಮವಾರ, ಇಲ್ಲಿ ಶುಕ್ರವಾರ. ಪೂಜೆ, ಪ್ರಸಾದಗಳ ವೇಳೆಯನ್ನೂ ಮನೆಯ ಹಿರಿಯರ ಕಾಲುಗಳ ಶಕ್ತಿಯನ್ನೂ ಮೊದಲೇ ತಿಳಿಸಿರಿ. ಒಳ್ಳೆಯ ಮಾರ್ಗದರ್ಶಿ ಅದಕ್ಕೆ ತಕ್ಕಂತೆ ದಾರಿ ಹಾಕಿಕೊಡುತ್ತಾನೆ. ಅವರ ಮಾತಿನಲ್ಲಿ ಸಂದೇಹ ಬಂದರೆ ಕೇಳಿರಿ, ಆದರೆ ಪ್ರಶ್ನೆಯಾಗಿ ಕೇಳಿರಿ. ನನ್ನಂತೆ ತೀರ್ಪು ಕೊಡಬೇಡಿರಿ.

ಬಿದರಿಯ ಡಬ್ಬಿ ಈಗಲೂ ಜಗುಲಿಯ ಪಕ್ಕದಲ್ಲಿಯೇ ಇದೆ. ಅದರಲ್ಲಿ ವಿಭೂತಿಯ ಗಟ್ಟಿಗಳನ್ನಿಡುತ್ತೇವೆ. ಪ್ರತಿದಿನ ಪೂಜೆಗೆ ಕುಳಿತು ಮುಚ್ಚಳ ತೆಗೆಯುವಾಗ, ಜಾರಿ ಬಿದ್ದ ಆ ಗೊಂಬೆಯ ಸದ್ದೂ ಹಂಚಿಗೆ ಅಂಟಿದ ಸದ್ದೂ ಒಂದರ ಹಿಂದೆ ಒಂದು ಕಿವಿಯಲ್ಲಿ ಕೇಳುತ್ತವೆ. ಮನೆಗೆ ಬಂದವರಿಗೆ ಮೊಮ್ಮಗಳೇ ಡಬ್ಬಿಯನ್ನು ತೋರಿಸಿ, "ಇದು ಸತು, ಕಬ್ಬಿಣ ಅಲ್ಲ. ನಮ್ಮ ಅಜ್ಜಗೂ ಮೊದಲ ಗೊತ್ತಿರಲಿಲ್ಲ" ಎಂದು ಹೇಳುತ್ತಾಳೆ. ನಾನು ಹೌದೆಂದು ತಲೆಯಾಡಿಸುತ್ತೇನೆ.